ಆಟದ ವಿಮಾನವೂ ಅಪ್ಪಣೆಯ ಮಾತೂ



ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ವಿಮಾನ ಹಾರಿಸುವ ಆಟದಲ್ಲಿ ಕಾಲವನ್ನು ಕಳೆಯುತ್ತಾರೆಂದು ದೂರುವ ತಾಯಿತಂದೆಗಳು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಆ ದೂರಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆನು. ಯಾರ ಮಾತಿಗೂ ಕಿವಿಗೊಡದೆ ಮನಬಂದಂತೆ ಏರಿ ಇಳಿಯುವ ಆಟವು ವಿನೋದವೇ ಹೊರತು ವಿದ್ಯೆಯಲ್ಲ. ಆದರೆ ಅದೇ ಯಂತ್ರದ ಮುಂದೆ ಕುಳಿತು, ವಿಮಾನಸಂಚಾರದ ನಿಯಂತ್ರಣವನ್ನು ಕಲಿಯುತ್ತಿರುವ ಮತ್ತೊಬ್ಬರ ಅಪ್ಪಣೆಯನ್ನು ಆಲಿಸಿ, ಅದರಂತೆ ನಡೆದು, ಅವರ ಅಭ್ಯಾಸಕ್ಕೆ ನೆರವಾಗುವ ಪಕ್ಷದಲ್ಲಿ ಆ ಆಟವು ಸೇವೆಯೂ ಆಗುತ್ತದೆ, ಶಿಕ್ಷಣವೂ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಈ ಸಂಚಿಕೆಯ ಮೂಲಕ ನಿಮ್ಮ ವಿಚಾರಕ್ಕೆ ಒಪ್ಪಿಸುತ್ತೇನೆ.

ಈ ವಿಷಯವನ್ನರಿಯದವರಿಗಾಗಿ ಎರಡು ಮಾತು. ೨೦೦೧ರಲ್ಲಿ ಸ್ಥಾಪಿತವಾದ ವ್ಯಾಟ್‌ಸಿಮ್ ಎಂಬ ಲೋಕವ್ಯಾಪಿಯಾದ ಸಂಘವೊಂದುಂಟು. ಇದು ಲಾಭಕ್ಕಾಗಿ ನಡೆಯತಕ್ಕದ್ದಲ್ಲ. ಸದಸ್ಯರು ಶುಲ್ಕವನ್ನು ಕೊಡಬೇಕಾದುದಿಲ್ಲ. ಕೆಲವರು ತಮ್ಮ ಮನೆಯ ಸಿಮ್ಯುಲೇಟರಿನಲ್ಲಿ ಪೈಲಟುಗಳಾಗಿ ಹಾರುತ್ತಾರೆ. ಕೆಲವರು ರೇಡಾರಿನಂಥ ಚಿತ್ರವನ್ನು ಮುಂದಿಟ್ಟುಕೊಂಡು ಕಂಟ್ರೋಲರುಗಳಾಗಿ ಅವರಿಗೆ ದಾರಿ ತೋರಿಸುತ್ತಾರೆ. ಇವರು ಮಾತನಾಡುವ ರೀತಿಯೂ ಉಪಯೋಗಿಸುವ ನಕ್ಷೆಗಳೂ ನಿಜವಾದ ವಿಮಾನಸಂಚಾರವನ್ನೇ ಅನುಸರಿಸಿದವು. ಭಾರತದ ಆಕಾಶವೂ ಅದರಲ್ಲಿ ಸೇರಿದೆ. ಕಂಟ್ರೋಲರಾಗಬಯಸುವವರು ಮೊದಲು ನಿಯಮಗಳನ್ನು ಓದಿ ಪರೀಕ್ಷೆ ಕೊಟ್ಟು, ಬಳಿಕ ಅನುಭವಿಗಳಾದ ಮಾರ್ಗದರ್ಶಕರ ಕಣ್ಣ ಮುಂದೆ ಹಂತಹಂತವಾಗಿ ಅಭ್ಯಾಸ ಮಾಡಬೇಕು. ಈ ಅಭ್ಯಾಸಕ್ಕೆ ವಿಮಾನಗಳು ಬೇಕು. ಆ ವಿಮಾನಗಳನ್ನು ನಡೆಸಲು ಮನುಷ್ಯರು ಬೇಕು. ನೆರವಿನ ಮಾತು ಬರುವುದು ಇಲ್ಲಿಯೇ.

ಶಿಕ್ಷಕಿಯರ ತರಬೇತಿ ಪಡೆದವರಿಗೆಲ್ಲ ಈ ಅಗತ್ಯವು ಬೇಗನೆ ಅರ್ಥವಾದೀತು. ಬರಿಯ ಬೆಂಚುಗಳಿಗೆ ಪಾಠ ಹೇಳಿ ಯಾರೂ ಉಪಾಧ್ಯಾಯಿನಿಯಾಗಲಿಲ್ಲ. ತಪ್ಪು ಉತ್ತರ ಕೊಡುವ ಹುಡುಗಿ, ಪ್ರಶ್ನೆಯನ್ನೇ ಕೇಳಿಸಿಕೊಳ್ಳದ ಹುಡುಗಿ, ಎಲ್ಲರಿಗಿಂತ ಮೊದಲೇ ಕೈಯೆತ್ತುವ ಹುಡುಗಿ, ಇವರೆಲ್ಲರೂ ಎದುರಿಗಿದ್ದಾಗಲೇ ಆ ವಿದ್ಯೆಯು ಕೈಗೆ ಹತ್ತುವುದು. ಕಂಟ್ರೋಲರಿನ ವಿದ್ಯೆಯೂ ಹಾಗೆಯೇ. ನಿಜವಾದ ತರಬೇತಿಯ ಕೇಂದ್ರಗಳಲ್ಲಿಯೂ ಸಿಮ್ಯುಲೇಟರಿನ ಹಿಂದೆ ಕುಳಿತು ಪೈಲಟುಗಳಂತೆ ಉತ್ತರ ಕೊಡುವ ಜನರಿರುತ್ತಾರೆ. ಅವರು ಹಾರುವವರಲ್ಲ, ಆದರೂ ಅವರಿಲ್ಲದೆ ಕಲಿಯುವವರ ಪಾಠವು ಸಾಗದು.

ಆಟದ ಸಾಮಾನಿನಿಂದ ಇಂಥ ಪ್ರಯೋಜನವಾದೀತೇ ಎಂದು ಕೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಅಮೆರಿಕ ದೇಶದ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಪಿಯಾನೋ ಮತ್ತು ಆರ್ಗನ್ ಕಾರ್ಖಾನೆಯಲ್ಲಿ ದುಡಿದವನು. ನಮ್ಮ ದೇವಾಲಯಗಳಲ್ಲಿ ಕೀರ್ತನೆಗಳಿಗೆ ಸ್ವರವೊದಗಿಸುವಂಥ ತಿದಿಗಳನ್ನೂ ಕವಾಟಗಳನ್ನೂ ಜೋಡಿಸಿ, ನೆಲದಲ್ಲಿಯೇ ನಿಂತು ವಾಲುವ, ತಿರುಗುವ ಒಂದು ವಿಮಾನವನ್ನು ಆತನು ೧೯೨೯ರ ಸುಮಾರಿಗೆ ಸಿದ್ಧಗೊಳಿಸಿದನು. ಮೊದಮೊದಲು ಅದನ್ನು ಕೊಂಡವರು ಹೆಚ್ಚಾಗಿ ವಿನೋದೋದ್ಯಾನಗಳವರು. ೧೯೩೪ರಲ್ಲಿ ಟಪ್ಪಾಲನ್ನು ಸಾಗಿಸುತ್ತಿದ್ದ ಸೈನ್ಯದ ಪೈಲಟುಗಳು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಪ್ರಾಣವನ್ನು ಕಳೆದುಕೊಂಡ ಬಳಿಕ ಅಮೆರಿಕದ ಸೈನ್ಯವು ಅಂಥ ಯಂತ್ರಗಳನ್ನು ಆರು ಕೊಂಡುಕೊಂಡಿತು. ಹೀಗೆ ಜಾತ್ರೆಯ ಆಟವು ಪ್ರಾಣವುಳಿಸುವ ಪಾಠಶಾಲೆಯಾಯಿತು.

ಈ ವಿದ್ಯೆಯಲ್ಲಿ ಮಾತಿನ ಬೆಲೆಯೆಷ್ಟೆಂಬುದನ್ನು ಎರಡು ಸಂಗತಿಗಳಿಂದ ತಿಳಿಯಬಹುದು. ೧೯೭೭ನೆಯ ಮಾರ್ಚ್ ೨೭ರಂದು ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ, ಮಂಜು ಕವಿದಿದ್ದಾಗ, ಎರಡು ದೊಡ್ಡ ವಿಮಾನಗಳು ಒಂದಕ್ಕೊಂದು ತಾಗಿ ೫೮೩ ಮಂದಿ ಮಡಿದರು. ಅಪ್ಪಣೆ ದೊರೆಯುವುದಕ್ಕೆ ಮೊದಲೇ ಒಂದು ವಿಮಾನವು ಓಡತೊಡಗಿತ್ತು. ಅದರ ಪೈಲಟು ಹೇಳಿದ ಮಾತಿಗೆ ಎರಡರ್ಥವಿದ್ದಿತು. ಎಚ್ಚರಿಸುವ ಮಾತುಗಳೆರಡು ರೇಡಿಯೋದಲ್ಲಿ ಒಂದರ ಮೇಲೊಂದು ಬಿದ್ದು ಕೇಳಿಸದೆ ಹೋದವು. ಅಂದಿನ ಪಾಠದಿಂದ, ‘ಟೇಕಾಫ್’ ಎಂಬ ಪದವನ್ನು ಆ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂದಕ್ಕೆ ತೆಗೆದುಕೊಳ್ಳುವಾಗ ಮಾತ್ರವೇ ಉಚ್ಚರಿಸಬೇಕೆಂಬ ಕಟ್ಟಳೆಯು ನೆಲೆಗೊಂಡಿತು. ಎರಡನೆಯದು ನಮ್ಮ ದೇಶದ್ದೇ. ೧೯೯೬ನೆಯ ನವೆಂಬರ್ ೧೨ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿ ಹೊಡೆದು ೩೪೯ ಮಂದಿ ತೀರಿಹೋದರು. ಹದಿನೈದು ಸಾವಿರ ಅಡಿಯಲ್ಲಿ ನಿಲ್ಲಬೇಕಾಗಿದ್ದ ವಿಮಾನವು ಅದಕ್ಕೂ ಕೆಳಗಿಳಿದಿತ್ತು; ಅದರ ಸಿಬ್ಬಂದಿಯ ಇಂಗ್ಲಿಷ್ ಭಾಷಾಜ್ಞಾನದ ಕೊರತೆಯೂ ವಿಚಾರಣೆಯಲ್ಲಿ ಎತ್ತಿ ತೋರಿಸಲ್ಪಟ್ಟಿತು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಅಸ್ಪಷ್ಟವಾದ ತುತೂರಿಯ ವಿಷಯವಾಗಿ ಕೊಟ್ಟ ಎಚ್ಚರಿಕೆಯು ನಮ್ಮ ಹುಡುಗಿಯರಿಗೆ ತಿಳಿದದ್ದೇ. ಅದರ ಅರ್ಥವನ್ನು ಈ ಎರಡು ಘಟನೆಗಳಿಗಿಂತ ಸ್ಪಷ್ಟವಾಗಿ ಯಾವ ವ್ಯಾಖ್ಯಾನವೂ ತಿಳಿಸಲಾರದು.

ಆದುದರಿಂದ ನೆರವಾಗುವವರ ಕೆಲಸವು ಸಣ್ಣದಾಗಿ ಕಂಡರೂ ಸಣ್ಣದಲ್ಲ. ಅಪ್ಪಣೆಯನ್ನು ಕೇಳಿದೊಡನೆ ಎತ್ತರವನ್ನೂ ದಿಕ್ಕನ್ನೂ ಓಡುದಾರಿಯ ಸಂಖ್ಯೆಯನ್ನೂ ತಿರುಗಿ ಹೇಳಿ ಒಪ್ಪಿಸಬೇಕು. ಮತ್ತೊಬ್ಬರು ಮಾತನಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದು. ತಿಳಿಯದಿದ್ದರೆ ತಿಳಿದವಳಂತೆ ನಟಿಸದೆ ಇನ್ನೊಮ್ಮೆ ಕೇಳಬೇಕು. ತ್ರೀ ಎಂಬುದನ್ನು ಟ್ರೀ ಎಂದೂ, ಫೈವ್ ಎಂಬುದನ್ನು ಫೈಫ್ ಎಂದೂ, ನೈನ್ ಎಂಬುದನ್ನು ನೈನರ್ ಎಂದೂ ನುಡಿಯಬೇಕೆಂಬುದು ಅಲ್ಲಿನ ನಿಯಮ. ನಮ್ಮ ಹಳ್ಳಿಯ ಮಕ್ಕಳು ತ್ರೀ ಎನ್ನಲಾರದೆ ಟ್ರೀ ಎಂದಾಗ ನಗುತ್ತಿದ್ದವರು ಇದನ್ನು ಗಮನಿಸಲಿ! ಇನ್ನು, ಕಲಿಯುವವರನ್ನು ಪರೀಕ್ಷಿಸುವ ನೆಪದಲ್ಲಿ ತಾನಾಗಿಯೇ ಯಂತ್ರ ಕೆಟ್ಟಿತೆಂದು ಕೂಗುವುದನ್ನೂ ಬೇಕೆಂದೇ ತಪ್ಪು ದಾರಿ ಹಿಡಿಯುವುದನ್ನೂ ನಾನು ಒಪ್ಪುವುದಿಲ್ಲ. ಮಾರ್ಗದರ್ಶಕರು ಕೇಳಿಕೊಂಡಾಗ ಅದು ಪಾಠ. ಕೇಳದೆ ಮಾಡಿದರೆ ಬರಿಯ ಮೆರೆದಾಟ. ಹಾಗೆಯೇ, ಅಭ್ಯಾಸದ ನಡುವೆ ಹೇಳದೆ ಎದ್ದುಹೋಗುವವಳು ನೆರವಾದಳೆಂದು ಎಣಿಸಲಾಗದು.

ಪೋಷಕರು ಎತ್ತುವ ಆಕ್ಷೇಪಗಳಿಗೆ ಬರುವೆನು. ಅಪರಿಚಿತರೊಡನೆ ಹೆಣ್ಣುಮಕ್ಕಳು ಮಾತನಾಡುವುದು ಹೇಗೆಂಬುದು ಮೊದಲನೆಯದು. ಇದು ಅಲಕ್ಷಿಸತಕ್ಕ ಮಾತಲ್ಲ. ಹದಿಮೂರು ವರ್ಷ ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಹೆಸರಿಗೆ ಬದಲಾಗಿ ಸದಸ್ಯಸಂಖ್ಯೆಯನ್ನು ಉಪಯೋಗಿಸಬಹುದು. ಪೈಲಟಾಗಿ ಹಾರುವವಳು ಧ್ವನಿಯಿಲ್ಲದೆ ಬರೆಹದ ಮೂಲಕವೂ ಉತ್ತರ ಕೊಡಬಹುದು. ಇಷ್ಟಿದ್ದರೂ ಯಂತ್ರವು ಮನೆಯ ನಡುಮನೆಯಲ್ಲಿರಲಿ, ತಾಯಿಯ ಕಿವಿಯು ಆ ಕಡೆಗಿರಲಿ ಎಂದೇ ನನ್ನ ಸಲಹೆ. ಎರಡನೆಯದು, ಇದರಿಂದ ಉದ್ಯೋಗ ದೊರೆಯುವುದೇ ಎಂಬ ಪ್ರಶ್ನೆ. ದೊರೆಯುವುದಿಲ್ಲ. ಈ ಸಂಘದ ಪದವಿಗಳಿಗೆ ನಿಜವಾದ ಗೋಪುರದಲ್ಲಿ ಬೆಲೆಯಿಲ್ಲ. ಬೆಲೆಯಿದೆಯೆಂದು ಮಕ್ಕಳಲ್ಲಿ ಭ್ರಮೆ ಹುಟ್ಟಿಸುವುದು ಪಾಪ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ಕಂಟ್ರೋಲರಾಗಬೇಕಾದವರು ಭೌತಶಾಸ್ತ್ರ ಮತ್ತು ಗಣಿತಗಳೊಡನೆ ವಿಜ್ಞಾನದ ಪದವಿಯನ್ನಾಗಲಿ ಎಂಜಿನಿಯರಿಂಗ್ ಪದವಿಯನ್ನಾಗಲಿ ಪಡೆದು, ಸ್ಪರ್ಧೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪ್ರಯಾಗರಾಜದಲ್ಲಿ ೧೯೪೮ರಿಂದ ನಡೆದು ಬಂದಿರುವ ಕಾಲೇಜಿನಂಥ ಸ್ಥಳದಲ್ಲಿ ತರಬೇತಿ ಹೊಂದಬೇಕು.

ಆದರೆ ನಮ್ಮ ಹುಡುಗಿಯರ ಕಷ್ಟವಿರುವುದು ಆ ಪರೀಕ್ಷೆಯಲ್ಲಿ ಅಲ್ಲ, ಅದಕ್ಕೂ ಬಹಳ ಹಿಂದೆ. ಕನಕಪುರದ ಹಾಗೂ ಮಾಗಡಿಯ ಗ್ರಾಮಗಳಿಂದ ಬಸ್ಸು ಹಿಡಿದು ಬಂದು ಓದುವ ಜಾಣೆಯರು, ಹತ್ತನೆಯ ತರಗತಿ ಮುಗಿದೊಡನೆ ಗಣಿತವು ಹೆಣ್ಣಿಗೇಕೆಂಬ ಒಂದು ಮಾತಿಗೆ ಆ ವಿಷಯವನ್ನು ಬಿಟ್ಟುಬಿಡುತ್ತಾರೆ. ಹೀಗೆ ಹದಿನಾರನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು ಇಪ್ಪತ್ತೆರಡಕ್ಕೆ ತೆರೆಯದು. ಕೋನವೂ ವೇಗವೂ ಕಾಲವೂ ಒಂದು ವಿಮಾನವನ್ನು ಇಳಿಸಲು ಬೇಕಾಗುತ್ತವೆಂಬುದನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಕಂಡವಳು, ಗಣಿತವು ತನಗೇಕೆಂದು ಅಷ್ಟು ಸುಲಭವಾಗಿ ಕೇಳಲಾರಳು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನ ನಿಲ್ದಾಣಕ್ಕೆ ೨೦೧೩ರಲ್ಲಿ ಕೆಂಪೇಗೌಡರ ಹೆಸರನ್ನಿಟ್ಟರು. ಆ ಮನೆತನದವರು ಮುಂದೆ ಆಳಿದ್ದು ನಮ್ಮ ಮಾಗಡಿಯಿಂದ. ಹೆಸರಿನ ಹೆಮ್ಮೆಯಷ್ಟೇ ನಮಗೆ ಸಾಕೇ? ಅಲ್ಲಿನ ಗೋಪುರದಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳ ಧ್ವನಿಯೂ ಕೇಳಬಾರದೇ?

ಗಣಕಯಂತ್ರವಿಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚೆಂಬುದನ್ನು ನಾನು ಮರೆತಿಲ್ಲ. ಅದಕ್ಕೊಂದು ಉಪಾಯವುಂಟು. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಓಡುದಾರಿಯನ್ನು ಬರೆಯಿರಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳನ್ನು ನಾಲ್ವರು ಹುಡುಗಿಯರ ಕೈಗೆ ವಿಮಾನಗಳೆಂದು ಕೊಡಿರಿ. ಐದನೆಯವಳು ಕಂಟ್ರೋಲರಾಗಿ ಒಬ್ಬೊಬ್ಬರಿಗೂ ಸರದಿಯ ಮೇಲೆ ಅಪ್ಪಣೆ ಕೊಡಲಿ. ಅಪ್ಪಣೆಯನ್ನು ತಿರುಗಿ ಹೇಳಿ ಒಪ್ಪಿಸದೆ ಯಾವ ಆಟಿಕೆಯೂ ಕದಲಬಾರದು. ಅರ್ಧ ಗಂಟೆಯಲ್ಲಿ ಸ್ಪಷ್ಟವಾಗಿ ನುಡಿಯುವುದೂ ಕಿವಿಗೊಟ್ಟು ಕೇಳುವುದೂ ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದುಬರುವುದು.

ಈ ವಿದ್ಯೆಯಲ್ಲಾಗಲಿ, ಗಣಿತ ಭೌತಶಾಸ್ತ್ರಗಳಲ್ಲಾಗಲಿ ಪರಿಚಯವುಳ್ಳ ಹಳೆಯ ವಿದ್ಯಾರ್ಥಿನಿಯರಿದ್ದರೆ, ತಿಂಗಳಿಗೊಂದು ಶನಿವಾರದ ಮಧ್ಯಾಹ್ನವನ್ನು ಶಾಲೆಗೆ ಕೊಡಬೇಕೆಂದು ಕೋರುತ್ತೇನೆ. ಪೋಷಕರಲ್ಲಿ ನನ್ನ ಬಿನ್ನಹವು ಇನ್ನೂ ಚಿಕ್ಕದು: ಮಗಳು ಇನ್ನೊಬ್ಬರ ಅಭ್ಯಾಸಕ್ಕೆ ನೆರವಾಗಲು ಕುಳಿತಿರುವಳೋ ಬರಿದೆ ಆಡುತ್ತಿರುವಳೋ ಎಂಬುದನ್ನು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ, ಬಳಿಕ ಯಂತ್ರವನ್ನು ಆರಿಸುವ ವಿಚಾರವನ್ನು ಮಾಡಿರಿ.