ಅನುಭವ ಹಂಚೋಣ, ಗೂಡಿನ ವಿಳಾಸವನ್ನಲ್ಲ

ಹವ್ಯಾಸಿ ಛಾಯಾಗ್ರಾಹಕರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಹೋಗಿಬಂದ ಜಾಗದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ಮುಂದಿನ ರಜೆಗೆ ಯಾವ ಬೆಟ್ಟಕ್ಕೆ ಹೊರಟಿದ್ದೇವೆಂದು ಮೊದಲೇ ತಿಳಿಸಿ, ಜೊತೆಗೆ ಬರುವವರಿದ್ದಾರೆಯೇ ಎಂದು ಕೇಳುತ್ತಾರೆ. ದಾರಿ ಹೇಗಿದೆ, ಮಂಜು ಎಷ್ಟು ಹೊತ್ತಿಗೆ ಸರಿಯುತ್ತದೆ, ಯಾವ ಲೆನ್ಸ್ ಬೇಕಾಗುತ್ತದೆ, ಊಟ ವಸತಿಗೆ ಏನು ವ್ಯವಸ್ಥೆ ಎಂಬ ವಿವರಗಳನ್ನು ಧಾರಾಳವಾಗಿ ಕೊಡುತ್ತಾರೆ. ಇದರಲ್ಲಿ ಸ್ವಾರ್ಥಕ್ಕಿಂತ ಸ್ನೇಹವೇ ಹೆಚ್ಚು. ಆದರೆ ಈ ಮಾತುಕತೆಯಲ್ಲಿ ಬಹುತೇಕ ಇಲ್ಲದೇ ಹೋಗುವವರು ಒಬ್ಬರಿದ್ದಾರೆ. ಅವರು ಆ ಚಿತ್ರದಲ್ಲಿರುವ ಊರಿನವರು, ಎಂದರೆ ನಾವು. ನಮ್ಮ ಹಳ್ಳ, ನಮ್ಮ ಕಾನು, ನಮ್ಮ ತೋಟದ ಕಾಲುದಾರಿ ಅಲ್ಲಿ ಹಂಚಿಕೆಯಾಗುತ್ತವೆ. ಹಂಚಬಹುದೇ ಎಂದು ನಮ್ಮನ್ನು ಯಾರೂ ಕೇಳಿರುವುದಿಲ್ಲ.

ಹಾಗೆಂದು ಕ್ಯಾಮೆರಾ ಹಿಡಿದವರನ್ನೆಲ್ಲ ಶತ್ರುಗಳೆಂದು ಬಗೆಯುವುದು ತಪ್ಪು. ಪ್ರವಾಸದ ಯಾವ ಸಂಗತಿಯನ್ನು ಹಂಚಬೇಕು, ಯಾವುದನ್ನು ಹಂಚಬಾರದು ಎಂಬ ವಿವೇಕದ ಬಗ್ಗೆ ಈಗ ಗಂಭೀರವಾಗಿ ಚರ್ಚಿಸಬೇಕಾಗಿದೆ ಎಂಬುದಷ್ಟೇ ನನ್ನ ವಾದ.

ನಿಧಾನವೇ ಕಾವಲಾಗಿತ್ತು

ಹಂಚಿಕೆಯೆಂಬುದು ಹೊಸದೇನಲ್ಲ. ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು ಬರುತ್ತಿದ್ದವು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆಯವರಂಥ ಹಿರಿಯರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಅಂಥ ಸಲಕರಣೆಗಳಿಂದಲೇ. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರದೂ ಅದೇ ತಾಳ್ಮೆಯ ಹಾದಿ. ಆ ದಿನಗಳಲ್ಲಿ ಗೂಡಿನ ಮುಂದೆ ಮರೆ ಕಟ್ಟಿ ಕುಳಿತು ಚಿತ್ರ ತೆಗೆಯುವುದು ಸಾಮಾನ್ಯವಾಗಿತ್ತು. ಆದರೆ ಹಾಗೆ ಕುಳಿತುಕೊಳ್ಳುವವರು ಬೆರಳೆಣಿಕೆಯಷ್ಟಿದ್ದರು. ಚಿತ್ರ ತೊಳೆದು, ಮುದ್ರಿಸಿ, ಕೂಟದಲ್ಲಿ ನಾಲ್ಕು ಜನರಿಗೆ ತೋರಿಸುವ ಹೊತ್ತಿಗೆ ಮರಿಗಳು ಗೂಡು ಬಿಟ್ಟು ಹಾರಿರುತ್ತಿದ್ದವು. ಸುದ್ದಿಯ ನಿಧಾನಗತಿಯೇ ಕಾಡಿಗೆ ಕಾವಲಾಗಿತ್ತು.

ಈಗ ಆ ಕಾವಲು ಇಲ್ಲ. ಬೆಳಿಗ್ಗೆ ತೆಗೆದ ಚಿತ್ರ ಮಧ್ಯಾಹ್ನದೊಳಗೆ ಸಾವಿರಾರು ಜನರ ಅಂಗೈಗೆ ತಲುಪುತ್ತದೆ. ಮೊಬೈಲಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ ಚಿತ್ರದ ಕಡತದೊಳಗೇ ಅಕ್ಷಾಂಶ, ರೇಖಾಂಶಗಳು ದಾಖಲಾಗಿರುತ್ತವೆ. ತೆಗೆದವನು ಬಾಯಿ ಬಿಡದಿದ್ದರೂ ಚಿತ್ರವೇ ಜಾಗವನ್ನು ಹೇಳಿಬಿಡಬಲ್ಲದು.

ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2024ರ ಜನವರಿಯ ರಜಾದಿನಗಳಲ್ಲಿ ಕುಮಾರಪರ್ವತದ ಏರುದಾರಿಯಲ್ಲಿ ಚಾರಣಿಗರು ಜಾತ್ರೆಯಂತೆ ಸಾಲುಗಟ್ಟಿದ ದೃಶ್ಯ ನಾಡಿನಾದ್ಯಂತ ಸುದ್ದಿಯಾಯಿತು. ಆಮೇಲಷ್ಟೇ ಅರಣ್ಯ ಇಲಾಖೆ ಚಾರಣವನ್ನು ತಡೆದು, ಮುಂಗಡ ನೋಂದಣಿಯ ನಿಯಮವನ್ನೂ ದಿನಕ್ಕೆ 300 ಜನರ ಮಿತಿಯನ್ನೂ ತಂದಿತು. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯ ಸುತ್ತ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಗುರಿಗೆ ಹೂವು ಅರಳಿದಾಗಲೂ ಚಿತ್ರಗಳು ಹರಿದಾಡಿದ ಬೆನ್ನಿಗೇ ವಾಹನಗಳು ಬಂದವು. ಗುರಿಗೆಯ ಈ ಜಾತಿಗಳು ಹಲವು ವರ್ಷ ಕಾದು ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸಾಯುತ್ತವೆ. ಬೀಜ ಕಟ್ಟುವ ಮೊದಲೇ ಕಾಲಡಿಗೆ ಸಿಕ್ಕ ಗಿಡಕ್ಕೆ ಮರುವರ್ಷವೆಂಬುದಿಲ್ಲ.

ಗೂಡು, ಹಳ್ಳ, ಕೊರಡು

ಬೆಟ್ಟದ ನೆತ್ತಿಗೆ ಬರುವ ಜನಸಂದಣಿ ಕಣ್ಣಿಗೆ ಕಾಣುತ್ತದೆ. ಕಾನಿನ ಒಳಗೆ, ಒಂದು ಮರದ ಬುಡದಲ್ಲಿ, ಒಂದು ಹಳ್ಳದ ತಿರುವಿನಲ್ಲಿ ಆಗುವ ಹಾನಿ ಕಾಣುವುದಿಲ್ಲ. ಹೆಚ್ಚು ಆತಂಕದ್ದು ಅದೇ.

ಮಂಗಟ್ಟೆ ಹಕ್ಕಿಯನ್ನೇ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ; ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ತರುವ ಹಣ್ಣೇ ಆಹಾರ. ಮರದ ಕೆಳಗೆ ಐದಾರು ಜನ ಸ್ಟ್ಯಾಂಡ್ ಊರಿ ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ. ಒಬ್ಬರು ಅರ್ಧ ಗಂಟೆ ನಿಂತು ಹೋದರೆ ಅದು ತಾಳಿಕೊಂಡೀತು. ಆದರೆ ವಿಳಾಸ ಹಂಚಿಕೆಯಾದ ಗೂಡಿನ ಕೆಳಗೆ ದಿನವೂ ಒಂದೊಂದು ಗುಂಪು ಬರುತ್ತದೆ. ಮಂಗಟ್ಟೆ ಅದೇ ಪೊಟರೆಗೆ ವರ್ಷ ವರ್ಷವೂ ಮರಳುವ ಹಕ್ಕಿ. ಆದಕಾರಣ ಒಮ್ಮೆ ಬಯಲಾದ ವಿಳಾಸ ಹಳತಾಗುವುದೇ ಇಲ್ಲ.

ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಿಂದ 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಇನ್ನೊಂದು ಉದಾಹರಣೆ. ಮಳೆಗಾಲದ ರಾತ್ರಿಯಲ್ಲಿ ಇದರ ಗಂಡು ಹಳ್ಳದ ಕೆಸರನ್ನು ಮುಂಗಾಲಿನಿಂದ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥ ಅಪರೂಪದ ವರ್ತನೆಯನ್ನು ಸೆರೆಹಿಡಿಯುವ ಆಸೆ ಯಾರಿಗಿಲ್ಲ? ಆದರೆ ಕತ್ತಲಲ್ಲಿ ಟಾರ್ಚು, ಫ್ಲ್ಯಾಶು ಬೆಳಗುತ್ತ ನೀರಿಗಿಳಿದವರ ಕಾಲಡಿಗೆ ಬೀಳುವುದು ಆ ಮೊಟ್ಟೆಗಳೇ ಇರಬಹುದು. ರಾಮಪತ್ರೆ ಜಡ್ಡಿಯ ಕೆಸರಿನಿಂದ ಮೇಲೆದ್ದಿರುವ ಉಸಿರುಬೇರುಗಳಿಗೂ ತುಳಿತ ತಾಳುವ ಶಕ್ತಿಯಿಲ್ಲ.

ಇದು ಬರಿಯ ಊಹೆಯಲ್ಲ. ಕೇರಳದ ಘಟ್ಟಗಳಲ್ಲಿ 'ಗ್ಯಾಲಕ್ಸಿ ಕಪ್ಪೆ' ಎಂಬ ಕಪ್ಪು ಮೈಯ, ನಕ್ಷತ್ರದಂಥ ಚುಕ್ಕೆಗಳ ಪುಟ್ಟ ಕಪ್ಪೆಯಿದೆ. 2020ರಲ್ಲಿ ಸಂಶೋಧಕರೊಬ್ಬರಿಗೆ ಕೊಳೆತ ಕೊರಡುಗಳ ಅಡಿಯಲ್ಲಿ ಏಳು ಕಪ್ಪೆಗಳು ಸಿಕ್ಕವು. ಕೆಲಕಾಲದ ನಂತರ ಅವರು ಮರಳಿ ಹೋದಾಗ ಕೊರಡುಗಳು ಉರುಳಿದ್ದವು, ಗಿಡಗಳು ತುಳಿತಕ್ಕೆ ಸಿಕ್ಕಿದ್ದವು, ಕಪ್ಪೆಗಳು ಇರಲಿಲ್ಲ. ಛಾಯಾಗ್ರಾಹಕರ ಗುಂಪುಗಳು ಬಂದು ಕೊರಡುಗಳನ್ನು ಮಗುಚಿ, ಕಪ್ಪೆಗಳನ್ನು ಹಿಡಿದು ಚಿತ್ರ ತೆಗೆದದ್ದು ಸ್ಥಳೀಯರಿಂದ ತಿಳಿದುಬಂತು. 2025ರ ಡಿಸೆಂಬರಿನಲ್ಲಿ ಈ ವೃತ್ತಾಂತ ಪ್ರಕಟವಾಯಿತು. ಅಲ್ಲಿಗೆ ಬಂದವರು ಕಪ್ಪೆಯನ್ನು ಮೆಚ್ಚಿಯೇ ಬಂದವರು ಎಂಬುದನ್ನು ಮರೆಯಬಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಗಳ, ಸರೀಸೃಪಗಳ ಮೊಟ್ಟೆ ಮತ್ತು ಗೂಡುಗಳಿಗೆ ತೊಂದರೆ ಕೊಡುವುದನ್ನೂ 'ಬೇಟೆ' ಎಂಬ ಪದದ ವ್ಯಾಪ್ತಿಯೊಳಗೆ ಸೇರಿಸಿದೆ. ಕೋವಿಯಿಲ್ಲದೆಯೂ ಬೇಟೆಯಾಗುತ್ತದೆ ಎಂಬುದು ಕಾನೂನು ಬಲ್ಲ ಸತ್ಯ.

ಬೂಟಿನ ಕೆಸರಿನ ಮಾತು

ಕೃಷಿ ವಿಜ್ಞಾನದವನಾಗಿ ನಾನು ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಪ್ರವಾಸದ ಕಥನಗಳಲ್ಲಿ 'ತೋಟದ ನಡುವಿನ ಚಂದದ ಕಾಲುದಾರಿ' ಎಂದು ಬರೆಯುತ್ತಾರೆ. ಆ ತೋಟದಲ್ಲಿ ಕಾಳುಮೆಣಸಿನ ಬಳ್ಳಿಯಿರುತ್ತದೆ. ಮೆಣಸಿನ ಶೀಘ್ರ ಸೊರಗು ರೋಗವನ್ನು ತರುವ ಫೈಟಾಫ್ಥೊರಾ ಮಣ್ಣಿನಲ್ಲಿ ಬದುಕುತ್ತದೆ, ಮಳೆಗಾಲದಲ್ಲಿ ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಡುತ್ತದೆ, ಒದ್ದೆ ಮಣ್ಣಿನೊಂದಿಗೆ ಸಾಗಿಹೋಗುತ್ತದೆ. ರೋಗ ಬಿದ್ದ ತೋಟದ ಗುದ್ದಲಿಯನ್ನು ತೊಳೆಯದೆ ಇನ್ನೊಂದು ತೋಟಕ್ಕೆ ಒಯ್ಯಬಾರದೆಂದು ನಾವು ರೈತರಿಗೆ ಹೇಳುತ್ತೇವೆ. ಒಂದೇ ದಿನದಲ್ಲಿ ಮೂರು ಊರು ಸುತ್ತುವ ಬೂಟುಗಳಿಗೆ ಅದೇ ಮಾತನ್ನು ಯಾರು ಹೇಳಬೇಕು?

ನ್ಯೂಜಿಲೆಂಡಿನಲ್ಲಿ ಇದೇ ಫೈಟಾಫ್ಥೊರಾ ಕುಲದ ಇನ್ನೊಂದು ಜೀವಿ ಕೌರಿ ಎಂಬ ಮಹಾವೃಕ್ಷಗಳನ್ನು ಕೊಲ್ಲುತ್ತಿದೆ. ಅದು ಹರಡುವ ಮುಖ್ಯ ಮಾರ್ಗಗಳಲ್ಲಿ ನಡೆದಾಡುವವರ ಬೂಟಿನ ಮಣ್ಣೂ ಒಂದು. ಆಕ್ಲೆಂಡ್ ಸಮೀಪದ ವೈಟಾಕೆರೆ ಕಾಡಿನಲ್ಲಿ 2017ರ ಡಿಸೆಂಬರಿನಲ್ಲಿ ಅಲ್ಲಿಯ ಮಾವೊರಿ ಸಮುದಾಯ 'ರಾಹುಯಿ' ಎಂಬ ತನ್ನ ಸಾಂಪ್ರದಾಯಿಕ ನಿರ್ಬಂಧವನ್ನು ಸಾರಿತು. ಮರುವರ್ಷ ನಗರಾಡಳಿತ ಕಾಡಿನ ಬಹುಪಾಲು ದಾರಿಗಳನ್ನು ಮುಚ್ಚಿತು. ಮೊದಲು ಎಚ್ಚೆತ್ತವರು ಕಾಡಿನ ಮಕ್ಕಳು ಎಂಬುದು ಗಮನಾರ್ಹ. ದೇವರಕಾಡಿಗೆ ಕತ್ತಿ ಒಯ್ಯಬಾರದೆಂಬ ಕಟ್ಟಳೆಯನ್ನು ಪಾಲಿಸಿದ ಹಿರಿಯರ ಮೊಮ್ಮಕ್ಕಳಾದ ನಮಗೆ ಇದು ಅಪರಿಚಿತವೇನಲ್ಲ.

ವಿಜ್ಞಾನಿಗಳು ಕಲಿತ ಪಾಠ

ಸ್ಥಳವನ್ನು ಮುಚ್ಚಿಡುವುದು ಜ್ಞಾನಕ್ಕೆ ವಿರೋಧವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಜ್ಞಾನಿಗಳೇ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಚೀನಾದ ಆಗ್ನೇಯ ಭಾಗದ ಒಂದು ಗವಿಹಲ್ಲಿಯನ್ನು 1999ರಲ್ಲಿ ಹೊಸ ಜಾತಿಯೆಂದು ವರ್ಣಿಸಿ ಪ್ರಬಂಧ ಪ್ರಕಟವಾಯಿತು. ಅದರಲ್ಲಿದ್ದ ಸ್ಥಳವಿವರವೇ ಸಾಕುಪ್ರಾಣಿ ವ್ಯಾಪಾರಿಗಳಿಗೆ ದಾರಿದೀಪವಾಯಿತು. ಮೊದಲು ಕಂಡ ಜಾಗದಲ್ಲಿ ಆ ಹಲ್ಲಿ ನಿರ್ನಾಮವಾಯಿತು. ಅಂದಿನಿಂದ ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ಮರೆಮಾಡಬೇಕೆಂಬ ವಾದ ಬಲಗೊಂಡಿದೆ. ಹಕ್ಕಿ ವೀಕ್ಷಕರ 'ಇ-ಬರ್ಡ್' ದಾಖಲೆಯು 2017ರಿಂದ ಸೂಕ್ಷ್ಮ ಜಾತಿಗಳ ಸ್ಥಳವನ್ನು ಸಾರ್ವಜನಿಕರಿಗೆ ಸುಮಾರು 20 ಕಿಲೋಮೀಟರ್ ಚೌಕದ ಮಟ್ಟದಲ್ಲಷ್ಟೇ ತೋರಿಸುತ್ತದೆ. 'ಐ-ನ್ಯಾಚುರಲಿಸ್ಟ್' ಕೂಡ ಅಪಾಯದಲ್ಲಿರುವ ಜೀವಿಗಳ ಅಕ್ಷಾಂಶ, ರೇಖಾಂಶಗಳನ್ನು ಮಸುಕುಗೊಳಿಸುತ್ತದೆ. ಅಲ್ಲಿ ದಾಖಲೆ ಉಳಿಯುತ್ತದೆ, ವಿಳಾಸ ಮಾತ್ರ ಮರೆಯಾಗುತ್ತದೆ. ಜ್ಞಾನಕ್ಕೂ ರಕ್ಷಣೆಗೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಇನ್ನೊಂದು ಆಕ್ಷೇಪವಿದೆ: ಜನ ಬಂದರೆ ಊರಿಗೆ ಆದಾಯವಲ್ಲವೇ? ಹೌದು. ಅಡಿಕೆ, ಕಾಫಿ ಬೆಲೆ ಕುಸಿದ ವರ್ಷ ಹೋಂಸ್ಟೇ ಒಂದು ಮನೆಯನ್ನು ನಿಲ್ಲಿಸಿಕೊಟ್ಟೀತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನಮ್ಮವರಲ್ಲೇ ಕೆಲವರು ನೂರಿನ್ನೂರು ರೂಪಾಯಿಗೆ ಗೂಡು ತೋರಿಸುತ್ತಾರೆ ಎಂಬ ಕಹಿ ಮಾತನ್ನೂ ಆಡಬೇಕು. ತೋರಿಸಿದ ಗೂಡು ಖಾಲಿಯಾದ ಮೇಲೆ ಮುಂದಿನ ವರ್ಷ ತೋರಿಸಲು ಏನಿರುತ್ತದೆ? ಹಾಲು ಕರೆಯುವವನು ಕೆಚ್ಚಲನ್ನು ಕೊಯ್ಯುವುದಿಲ್ಲ.

ಏನನ್ನು ಹಂಚಬೇಕು?

ಹಂಚಲೇಬೇಕಾದ ಸಂಗತಿಗಳು ಬೇಕಾದಷ್ಟಿವೆ. ಅವುಗಳನ್ನೇ ಪ್ರವಾಸ ಕಥನಗಳು ಬಿಟ್ಟುಬಿಡುತ್ತವೆ. ಹವ್ಯಾಸಿ ಮಿತ್ರರ ಮುಂದೆ, ನಮ್ಮ ಊರಿನವರ ಮುಂದೆಯೂ, ಕೆಲವು ಸಲಹೆಗಳನ್ನು ಇಡುತ್ತೇನೆ.

ಒಂದು: ಹೊರಡುವ ಮೊದಲು ಯೋಜನೆಯನ್ನು ಗೆಳೆಯರಿಗೆ ತಿಳಿಸುವಂತೆ ಹೋಗುವ ಊರಿಗೂ ತಿಳಿಸಿ. ತಂಗುವ ಮನೆಯವರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಅಭಯಾರಣ್ಯದಲ್ಲಿ ಪ್ರವೇಶಕ್ಕೂ ಛಾಯಾಗ್ರಹಣಕ್ಕೂ ಅನುಮತಿ ಬೇಕು.

ಎರಡು: ಬಂದ ಮೇಲೆ ಬರೆಯುವಾಗ ಜಿಲ್ಲೆ, ಋತು, ಕಾಡಿನ ಬಗೆ ಇಷ್ಟನ್ನು ಹೇಳಿದರೆ ಸಾಕು. ಗೂಡು, ಗುಹೆ, ಜಡ್ಡಿ, ಒರತೆ, ಆರ್ಕಿಡ್ ಹಬ್ಬಿದ ಮರ ಇವುಗಳ ವಿಳಾಸ ಬೇಡ. ಚಿತ್ರದ ಕಡತದಿಂದ ಸ್ಥಳಸೂಚಿಯನ್ನು ಅಳಿಸಿ.

ಮೂರು: ಮುಂದೆ ಬರುವವರ ಸುರಕ್ಷತೆಗೆ ಬೇಕಾದುದನ್ನು ಮುಚ್ಚಿಡದೆ ಹೇಳಿ. ಯಾವ ಹಳ್ಳ ಮಳೆಯಲ್ಲಿ ಹಠಾತ್ತನೆ ಏರುತ್ತದೆ, ಯಾವ ಬಂಡೆ ಜಾರುತ್ತದೆ ಎಂಬುದನ್ನು ಬರೆಯಿರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಇದೆ. ಡಿಸೆಂಬರಿನಿಂದ ಮೇ ತನಕ ಕಾಡಿನ ಉಣುಗಿನಿಂದ ಅದು ತಗಲುವ ಅಪಾಯ ಹೆಚ್ಚು. ಈ ಎಚ್ಚರಿಕೆ ಇಲ್ಲದ ಮಲೆನಾಡಿನ ಪ್ರವಾಸ ಕಥನ ಅಪೂರ್ಣ.

ನಾಲ್ಕು: ತೋಟದಿಂದ ತೋಟಕ್ಕೆ, ಹಳ್ಳದಿಂದ ಹಳ್ಳಕ್ಕೆ ಹೋಗುವ ಮೊದಲು ಬೂಟಿನ ಮಣ್ಣನ್ನು ಕೆರೆದು, ತೊಳೆದು, ಒಣಗಿಸಿ. ಬಟ್ಟೆಗೆ ಅಂಟಿದ ಕಳೆಬೀಜವನ್ನು ಅಲ್ಲಲ್ಲೇ ಉದುರಿಸಬೇಡಿ.

ಐದು: ಗಾಯವನ್ನು ಕಂಡರೆ ವಿಳಾಸ ಸಮೇತ ಹೇಳಿ. ಹೊಸದಾಗಿ ಕಡಿದ ಮರ, ಅಕ್ರಮ ಕಲ್ಲುಕ್ವಾರಿ, ಹಳ್ಳಕ್ಕೆ ಸುರಿದ ಕಸ, ಜೀಪು ಸೀಳಿದ ಹುಲ್ಲುಗಾವಲು ಇವುಗಳ ಚಿತ್ರವನ್ನು ದಿನಾಂಕ, ಸ್ಥಳದೊಂದಿಗೆ ದಾಖಲಿಸಿ ಅರಣ್ಯ ಇಲಾಖೆಗೂ ಪಂಚಾಯಿತಿಗೂ ಕೊಡಿ. ಕ್ಯಾಮೆರಾದ ನಿಖರತೆ ಬೇಕಾಗಿರುವುದು ಅಲ್ಲಿ. ಗೂಡಿನ ವಿಳಾಸ ಗುಟ್ಟಾಗಿರಲಿ, ಗಾಯದ ವಿಳಾಸ ಬಯಲಾಗಲಿ.

ನಮ್ಮ ಹೊಣೆ

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಕಾಗದದಲ್ಲಿರುವ ಸಮಿತಿಯನ್ನು ಎಬ್ಬಿಸಿ ಕೂರಿಸುವುದು ನಮ್ಮ ಕೆಲಸ. ಊರಿಗೆ ಬರುವ ಛಾಯಾಗ್ರಾಹಕರು ಪಾಲಿಸಬೇಕಾದ ನಾಲ್ಕು ನಿಯಮಗಳನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಬಸ್ ನಿಲ್ದಾಣದಲ್ಲೂ ಹೋಂಸ್ಟೇಗಳಲ್ಲೂ ಹಾಕಬಹುದು. ಮರಿ ಮಾಡುವ ತಿಂಗಳುಗಳಲ್ಲಿ ಯಾವ ದಾರಿ ಮುಚ್ಚಿರಬೇಕೆಂದು ಊರೇ ಸೂಚಿಸಬಹುದು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಊರಿನ ಕಥೆಯನ್ನು ವಾರಾಂತ್ಯಕ್ಕೆ ಬಂದವರು ಬರೆಯುವುದನ್ನೇ ಕಾಯಬೇಡಿ. ಯಾವ ಮರ ಯಾವ ವಾರ ಹೂಬಿಟ್ಟಿತು, ಈ ವರ್ಷ ಮೊದಲ ಕಪ್ಪೆ ಕೂಗಿದ್ದು ಎಂದು, ಒರತೆ ಬತ್ತಿದ್ದು ಯಾವ ತಿಂಗಳು ಎಂಬುದನ್ನು ವರ್ಷವಿಡೀ ಗುರುತಿಸಬಲ್ಲವರು ನೀವು ಮಾತ್ರ. ಎರಡು ದಿನದ ಪ್ರವಾಸಿ ಇದನ್ನು ಮಾಡಲಾರ. ನಿಮ್ಮ ಮೊಬೈಲಿನಲ್ಲೂ ಕ್ಯಾಮೆರಾ ಇದೆ. ನೆನಪಿಡಿ: ಮೇಲಿನ ಐದೂ ಸಲಹೆಗಳು ನಿಮಗೂ ಅನ್ವಯಿಸುತ್ತವೆ.

ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮಳೆ ಹಿಡಿಯುವ ಮೊದಲೇ, ಕಪ್ಪೆಗಳು ಹಳ್ಳಕ್ಕಿಳಿಯುವ ಮೊದಲೇ, ಈ ವಿಷಯ ಅಲ್ಲಿ ಚರ್ಚೆಗೆ ಬರಲಿ.