ಜಾಲಂಧ್ರದಿಂದ ಕೋಟೆಗೋಡೆಯವರೆಗೆ: ರಾಯಭಾರ ಕಚೇರಿಯೊಂದರ ಪಾಠ

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಕಚೇರಿ 2025ರ ಜನವರಿ 17ರಂದು ಉದ್ಘಾಟನೆಗೊಂಡಿತು. ವೀಸಾ ಸಂದರ್ಶನಕ್ಕಾಗಿ ಚೆನ್ನೈಗೆ ಅಲೆದು ದಣಿದಿದ್ದ ಕನ್ನಡಿಗರ ಬಹುಕಾಲದ ಬೇಡಿಕೆಗೆ ಸಿಕ್ಕ ಮನ್ನಣೆ ಅದು. ಆದರೆ ಅಂದು ಕಚೇರಿ ಆರಂಭವಾದದ್ದು ಹೋಟೆಲೊಂದರ ತಾತ್ಕಾಲಿಕ ನೆಲೆಯಲ್ಲಿ. ವೀಸಾ ಸೇವೆಯೂ ಅಂದೇ ಶುರುವಾಗಲಿಲ್ಲ. ಕಾಯಂ ಕಟ್ಟಡವೊಂದು ಏಳುವುದಾದರೆ ಅದು ಹೇಗಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವವರು ದೆಹಲಿಯ ಚಾಣಕ್ಯಪುರಿಯತ್ತ ಒಮ್ಮೆ ನೋಡಬೇಕು.

ಚಾಣಕ್ಯಪುರಿಯಲ್ಲಿರುವ ಅಮೆರಿಕದ ರಾಯಭಾರ ಕಚೇರಿಗೆ 1956ರ ಸೆಪ್ಟೆಂಬರ್‌ನಲ್ಲಿ ಶಂಕುಸ್ಥಾಪನೆ ಮಾಡಿದವರು ಆ ದೇಶದ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. 1959ರ ಜನವರಿಯಲ್ಲಿ ಕಟ್ಟಡ ಉದ್ಘಾಟನೆಯಾಯಿತು. ಶೀತಲ ಸಮರದ ಆ ದಿನಗಳಲ್ಲಿ ಅಲಿಪ್ತ ಭಾರತದ ವಿಶ್ವಾಸ ಗಳಿಸಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆರಡೂ ಪೈಪೋಟಿಗಿಳಿದಿದ್ದವು. ಹೊರದೇಶಗಳಲ್ಲಿ ಕಟ್ಟುವ ಕಚೇರಿಗಳು ಆಯಾ ನಾಡಿನ ಹವೆ ಮತ್ತು ಸಂಪ್ರದಾಯವನ್ನು ಗೌರವಿಸಬೇಕೆಂಬುದು ಆಗ ವಾಷಿಂಗ್ಟನ್ನಿನ ನೀತಿಯಾಗಿತ್ತು. ಕಟ್ಟಡವೂ ರಾಜತಾಂತ್ರಿಕತೆಯ ಒಂದು ಭಾಷೆ ಎಂಬುದು ಇದರ ತಾತ್ಪರ್ಯ.

ವಾಸ್ತುಶಿಲ್ಪಿ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಆ ಭಾಷೆಯನ್ನು ಚೆನ್ನಾಗಿ ಅರಿತಿದ್ದರು. ಎತ್ತರದ ಜಗಲಿಯ ಮೇಲೆ ಆಯತಾಕಾರದ ಕಟ್ಟಡ. ಸುತ್ತಲೂ ಬಂಗಾರದ ಬಣ್ಣದ ತೆಳುವಾದ ಕಂಬಗಳು. ಬಿಸಿಲನ್ನು ತಡೆಯುವಂತೆ ಹೊರಚಾಚಿದ ವಿಶಾಲ ಸೂರು. ಗೋಡೆಗಳ ಹೊರಮೈಗೆ ಜಾಲಂಧ್ರಗಳ ತೆರೆ. ಬೇಲೂರಿನ ಗುಡಿಯೊಳಗೆ ಕಲ್ಲಿನ ಜಾಲಂಧ್ರದಿಂದ ಸೋಸಿ ಬರುವ ಬೆಳಕನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಒಳಾಂಗಣದಲ್ಲಿ ಗಿಡಮರ, ಕಾರಂಜಿಗಳ ಜಲೋದ್ಯಾನ. ಅಲಂಕಾರವೇ ಅತಿಯಾಯಿತೆಂದು ಮೂಗು ಮುರಿದ ವಿಮರ್ಶಕರೂ ಇದ್ದರು. ಆದರೆ ಪ್ರಧಾನಿ ನೆಹರೂ ಮೆಚ್ಚಿಕೊಂಡರು. 1971ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ಕೆನಡಿ ಸೆಂಟರ್‌ನಲ್ಲಿ ಸ್ಟೋನ್ ಇದೇ ಮಾದರಿಯನ್ನು ಮುಂದುವರಿಸಿದರು.

ಈ ಮುಕ್ತತೆಯ ಯುಗ ಬಹುಕಾಲ ಬಾಳಲಿಲ್ಲ. 1983ರ ಏಪ್ರಿಲ್‌ನಲ್ಲಿ ಬೈರೂತ್‌ನ ಅಮೆರಿಕ ರಾಯಭಾರ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 63 ಮಂದಿ ಸತ್ತರು. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಮಡಿದವರಲ್ಲಿ ಅಮೆರಿಕನ್ನರು 12 ಮಂದಿ. ಉಳಿದವರಲ್ಲಿ ಬಹುಪಾಲು ಸ್ಥಳೀಯ ಆಫ್ರಿಕನ್ನರು. ಮರುವರ್ಷ ಬಂದ ಕಾನೂನು, ಹೊಸ ರಾಯಭಾರ ಕಟ್ಟಡಗಳು ಆವರಣದ ಅಂಚಿನಿಂದ ಕನಿಷ್ಠ 100 ಅಡಿ ಒಳಗಿರಬೇಕೆಂದು ವಿಧಿಸಿತು. ಲಂಡನ್ನಿನ ಗ್ರಾಸ್ವೆನರ್ ಚೌಕದಲ್ಲಿ ಈರೋ ಸಾರಿನೆನ್ ವಿನ್ಯಾಸಗೊಳಿಸಿದ್ದ ಕಚೇರಿಯನ್ನು ತೊರೆದು, 2018ರಲ್ಲಿ ಅಮೆರಿಕ ನೈನ್ ಎಲ್ಮ್ಸ್‌ಗೆ ಸ್ಥಳಾಂತರಗೊಂಡಿತು. ನಗರದ ನಡುವಿನ ಕಿರಿದಾದ ನಿವೇಶನ ಹೊಸ ಭದ್ರತಾ ಲೆಕ್ಕಕ್ಕೆ ಒಗ್ಗದೇ ಹೋಯಿತು.

ದೆಹಲಿಯ ಆವರಣ 28 ಎಕರೆಯಷ್ಟು ವಿಶಾಲವಾದದ್ದರಿಂದ ಸ್ಟೋನ್ ಕಟ್ಟಡ ಬಚಾವಾಯಿತು. ಅದನ್ನು ಉಳಿಸಿಕೊಂಡೇ ಹೊಸ ಕಟ್ಟಡಗಳನ್ನು ಸೇರಿಸುವ ಯೋಜನೆಗೆ 2021ರಲ್ಲಿ ಭೂಮಿಪೂಜೆ ನಡೆಯಿತು. ವಿನ್ಯಾಸ ನ್ಯೂಯಾರ್ಕ್‌ನ ವೈಸ್ ಮನ್‌ಫ್ರೆಡಿ ಸಂಸ್ಥೆಯದು. ಪರಂಪರೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಭಾರತೀಯರ ಮನ ಗೆಲ್ಲಲೆಂದು ಕಟ್ಟಿದ ಆ ಜಾಲಂಧ್ರಗಳು ಇಂದು ಕಾವಲಿನ ಗೋಡೆಗಳ ಆಚೆಗಿವೆ ಎಂಬುದು ವಿಪರ್ಯಾಸ.

ಗೋಡೆಯೇ ಬೇಡವೆನ್ನುವುದು ಬಾಲಿಶ. ನೈರೋಬಿಯ ಸಾವುಗಳು ಕಲ್ಪನೆಯಲ್ಲ. ಬಾಂಬ್ ಸಿಡಿದರೆ ಮೊದಲು ಸಾಯುವವರು ಹೊರಗಿನ ರಸ್ತೆಯಲ್ಲಿರುವ ನಮ್ಮಂಥವರೇ. ಆದರೆ ಸಾಮಾನ್ಯನೊಬ್ಬ ಪರದೇಶವನ್ನು ಮೊದಲು ಕಾಣುವುದು ಅದರ ಕಚೇರಿಯ ಸರದಿ ಸಾಲಿನಲ್ಲಿ. ಅಲ್ಲಿ ನೆರಳು, ಕೂರಲು ಬೆಂಚು, ಕುಡಿಯಲು ನೀರು ಇದೆಯೇ? ಮಗನ ಪದವಿ ಪ್ರದಾನ ನೋಡಲು ಹೊರಟ ವೃದ್ಧ ತಂದೆ ಕಡತ ಹಿಡಿದು ಪಾದಚಾರಿ ಮಾರ್ಗದಲ್ಲಿ ನಿಲ್ಲಬೇಕೇ? ಸ್ಟೋನ್ ಅವರ ಸೂರು ಒಳಗಿದ್ದವರಿಗೆ ನೆರಳು ಕೊಟ್ಟಿತು. ಬೆಂಗಳೂರಿನ ಕಟ್ಟಡ ಹೊರಗೆ ಕಾಯುವವರಿಗೂ ಅದನ್ನು ಕೊಡುವಂತಾದರೆ, 1959ರ ಆಶಯ ನಿಜವಾಗಿ ನೆರವೇರಿದಂತೆ.