ಬಾ, ಬನ್ನಿ, ಬರಲಿ

ನಮ್ಮ ಮಗಳು ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಅದರಲ್ಲಿ ಸಲಿಗೆಯವರಿಗೆ ‘ವೆನ್’, ಅಂದರೆ ಬಾ. ಮರ್ಯಾದೆಯವರಿಗೆ ‘ವೆಂಗಾ’. ಇದೇ ‘ವೆಂಗಾ’ ಹಾರೈಸುವಾಗಲೂ ಬರುತ್ತದಂತೆ, ನಮ್ಮ ‘ಬರಲಿ’ಯ ಹಾಗೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಿಧ್ಯರ್ಥ ನೆನಪಾಯ್ತು. ಅಪ್ಪಣೆ, ಹಾರೈಕೆ ಎರಡಕ್ಕೂ ಅದೊಂದೇ ಹೆಸರಲ್ಲವೇ!

ನಮ್ಮ ಪಾಣೆಮಂಗಳೂರಿನ ತುಳುವಿನಲ್ಲೂ ‘ಬಲ’ ಎಂದರೆ ಬಾ, ‘ಬಲೆ’ ಎಂದರೆ ಬನ್ನಿ. ಪಾತ್ರೆ ತೊಳೆಯಲು ಬರುವ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಇಷ್ಟು ದಿನ ನಾನು ಹೇಳಿದ್ದು ‘ಬಲ’ ಅಂತಲೇ.

“ಅಮ್ಮ, ಅವರು ನಿಮಗೆ ‘ಈರ್’, ನೀವು ಅಂತ ಹೇಳುವುದಲ್ವಾ? ನೀವು ಮಾತ್ರ ಯಾಕೆ ‘ಬಲ’?” ಮಗಳು ಕೇಳಿದಳು. ನನಗೆ ಉತ್ತರ ಸಿಗಲಿಲ್ಲ.

ಮರುದಿನ “ಬಲೆ ಅಕ್ಕ” ಎಂದೆ. ಬೇರೆ ಯಾರಾದರೂ ಬಂದರೋ ಎಂದು ಅವರು ಹಿಂದೆ ತಿರುಗಿ ನೋಡಿದರು.